ವಿಂಗ್ ಚುನ್ ಆಡುವವರ ಜೊತೆ ಸ್ಪಾರಿಂಗ್: ಎಲ್ಲಿಂದ ಹೊಡೆಯಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಬೆಂಗಳೂರು

ನಾನು ಶೋಟೊಕಾನ್ ಕರಾಟೆಯವನು. ಕಾಲೇಜಿನ ಕಾಲದಿಂದ ಕುಮಿತೆ, ಅಂದರೆ ಎದುರಾಳಿ ಜೊತೆಗಿನ ಕರಾಟೆ ಪಂದ್ಯ, ಆಡಿದ್ದೇನೆ. ಗೆಳೆಯನೊಬ್ಬ ವಿಂಗ್ ಚುನ್ ಕಲಿಯುತ್ತಾನೆ, ಭಾನುವಾರ ಇಬ್ಬರೂ ಸೇರಿ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾಳಗ, ಮಾಡುತ್ತೇವೆ. ನಾನು ಒಂದು ಪಂಚ್ ಬಿಟ್ಟರೆ ಸಾಕು, ಕೈ ತಟ್ಟಿ ಒಳಗೆ ಬಂದುಬಿಡುತ್ತಾನೆ. ಆಮೇಲೆ ಎದೆಗೆ, ಮುಖಕ್ಕೆ ಸಾಲಾಗಿ ಗುದ್ದು. ಹಿಂದೆ ಸರಿದು ಸರಿದು ಗೋಡೆ ಸೇರುತ್ತೇನೆ. ಅಷ್ಟು ಹತ್ತಿರದಲ್ಲಿ ನನ್ನ ಕಿಕ್ ಕೆಲಸಕ್ಕೆ ಬರಲ್ಲ. ಏನು ಮಾಡಬಹುದು?

ಕರಾಟೆ ಕಲಿಸುವವರು, ಶಿವಮೊಗ್ಗ

ಮೊದಲು ಅವರಿಗೆ ಏನು ಬೇಕು ಅಂತ ನೋಡಿ. ವಿಂಗ್ ಚುನ್ ದಕ್ಷಿಣ ಚೀನಾದ ಕಾಳಗದ ವಿದ್ಯೆ. ಫೋಶಾನ್ ಊರಿನ ಗುರು ಇಪ್ ಮ್ಯಾನ್ ಅದನ್ನು ಹಾಂಗ್‌ಕಾಂಗ್‌ಗೆ ತಂದು, 1972ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಬೆಳೆಸಿದರು. ಮೂಗಿನಿಂದ ಹೊಕ್ಕುಳಿನ ತನಕ ಒಂದು ಗೆರೆ ಎಳೆದರೆ, ಅವರ ಆಟವೆಲ್ಲ ಆ ನಡುಗೆರೆಯ ಮೇಲೆ. ಮೊಣಕೈ ಒಳಗೆ, ಮುಷ್ಟಿ ನೆಟ್ಟಗೆ, ಹೊಡೆತ ನೇರ.

ಅವರು ತುಂಬಾ ಹೊತ್ತು ಮಾಡುವ ಅಭ್ಯಾಸ ಚಿ ಸಾವ್. ಇಬ್ಬರೂ ಮುಂಗೈಗೆ ಮುಂಗೈ ತಾಗಿಸಿಕೊಂಡು, ಎದುರಿನವರ ಒತ್ತಡ ಯಾವ ಕಡೆಗಿದೆ ಅಂತ ಚರ್ಮದಿಂದಲೇ ತಿಳಿಯುವ ಅಭ್ಯಾಸ ಅದು. ಕೈಗೆ ಕೈ ತಾಗಿದ ಕ್ಷಣದಲ್ಲಿ ಅವರು ನಿಮಗಿಂತ ಮುಂದಿರುತ್ತಾರೆ. ಹಾಗಾಗಿ ಅವರಿಗೆ ನಿಮ್ಮ ಕೈ ಸಿಗಬಾರದು. ಉಳಿದ ಸಲಹೆಯೆಲ್ಲ ಇದರ ಹಿಂದೆಯೇ ಬರುತ್ತದೆ.

ಕುಮಿತೆಯವರಲ್ಲಿ ನಾನು ನೋಡುವ ಒಂದು ಅಭ್ಯಾಸ ಇದೆ. ಗ್ಯಾಕು ಜುಕಿ (ಹಿಂದಿನ ಕೈಯ ನೇರ ಪಂಚ್) ಹೊಡೆದು, ಕೈ ಹಾಗೇ ಚಾಚಿ, ರೆಫರಿ ‘ಯಾಮೆ’ (ನಿಲ್ಲಿಸಿ) ಅನ್ನಲಿ ಅಂತ ಅರ್ಧ ಕ್ಷಣ ಕಾಯುತ್ತಾರೆ. ಪಾಯಿಂಟ್ ಆಟದಲ್ಲಿ ಅದು ಸರಿ. ವಿಂಗ್ ಚುನ್‌ನವರಿಗೆ ಆ ಚಾಚಿದ ಕೈಯೇ ಬಾಗಿಲು. ಪಾಕ್ ಸಾವ್ ಅಂತ ಅಂಗೈಯಿಂದ ತಟ್ಟುತ್ತಾರೆ, ಲಾಪ್ ಸಾವ್ ಅಂತ ಮಣಿಕಟ್ಟು ಹಿಡಿದು ಎಳೆಯುತ್ತಾರೆ. ಎರಡಕ್ಕೂ ನಿಮ್ಮ ಕೈ ಅಲ್ಲಿ ಇರಬೇಕಲ್ವಾ? ಕಬಡ್ಡಿಯಲ್ಲಿ ರೈಡರ್ ಮುಟ್ಟಿ ಕೈ ವಾಪಸ್ ತರುತ್ತಾನಲ್ಲ, ನಿಮ್ಮ ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಪಂಚ್) ಹಾಗಿರಬೇಕು. ಹೋದದ್ದಕ್ಕಿಂತ ಬೇಗ ಕೆನ್ನೆಗೆ ವಾಪಸ್ ಬರಬೇಕು.

ಎರಡನೆಯದು, ನೇರ ಹಿಂದಕ್ಕೆ ಹೋಗಬೇಡಿ. ಸಾಲು ಪಂಚ್ ಇರುವುದೇ ನೇರ ಹಿಂದೆ ಹೋಗುವವರನ್ನು ಅಟ್ಟುವುದಕ್ಕೆ. ಒಂದು ಹೆಜ್ಜೆ ಹಿಂದೆ, ಮುಂದಿನ ಹೆಜ್ಜೆ ಪಕ್ಕಕ್ಕೆ. ಆದಷ್ಟು ಅವರ ಮುಂದಿನ ಕೈಯ ಹೊರಬದಿಗೆ ಹೋಗಿ. ಆಗ ಅವರು ತಿರುಗಿ ನಡುಗೆರೆಯನ್ನು ಮತ್ತೆ ಹುಡುಕಬೇಕು. ಹುಡುಕುವ ಆ ಹೊತ್ತು ನಿಮ್ಮದು.

ನಮ್ಮ ಆಶಿ ಬರೈ, ಅಂದರೆ ಪಾದದಿಂದ ಎದುರಾಳಿಯ ಕಾಲು ಗುಡಿಸುವುದು, ಇಲ್ಲಿ ಒಳ್ಳೆಯ ಆಯುಧ. ಅವರು ನಿಂತಿರುವಾಗ ಪ್ರಯೋಜನ ಇಲ್ಲ, ಕೆಲವು ಶಾಖೆಗಳಲ್ಲಿ ಭಾರವೆಲ್ಲ ಹಿಂಗಾಲಿನ ಮೇಲಿರುತ್ತದೆ. ನುಗ್ಗುವಾಗ ಮುಂಗಾಲು ನೆಲಕ್ಕೆ ತಾಗಿ ಭಾರ ಬೀಳುವ ಹೊತ್ತಿಗೆ ಸರಿಯಾಗಿ ಗುಡಿಸಬೇಕು. ಬೀಳದಿದ್ದರೂ ಸಾಲು ಮುರಿಯುತ್ತದೆ. ಆಗ ನಿಮ್ಮ ಗ್ಯಾಕು ಜುಕಿ.

ಮುಯ್ ಥಾಯ್ ಜಿಮ್‌ನಿಂದ, ಬೆಂಗಳೂರು

ಸರ್ ಹೇಳಿದ್ದು ಒಪ್ಪುತ್ತೇನೆ, ಆದರೆ ಬರೀ ತಪ್ಪಿಸಿಕೊಳ್ಳುತ್ತಾ ಇದ್ದರೆ ಆಗಲ್ಲ ಬ್ರೋ. ಅವನು ಒಳಗೆ ಬರುವುದಕ್ಕೆ ಬೆಲೆ ಕಟ್ಟಬೇಕು. ನನಗೆ ಜಾಸ್ತಿ ಕೆಲಸ ಮಾಡಿದ್ದು ಟೀಪ್, ಅಂದರೆ ಹೊಟ್ಟೆಗೆ ತಳ್ಳುವ ಒದೆ. ನಿಮ್ಮ ಮಾಯೆ ಗೇರಿಯನ್ನೇ (ಕರಾಟೆಯ ಮುಂದಕ್ಕೆ ಹೊಡೆಯುವ ಕಿಕ್) ಚುಚ್ಚುವ ಬದಲು ತಳ್ಳುವ ಹಾಗೆ ಮಾಡಿ. ಕಾಲು ಕೈಗಿಂತ ಉದ್ದ, ಅವನ ಪಂಚ್ ತಲುಪುವ ಮೊದಲೇ ನಿಮ್ಮ ಪಾದ ತಲುಪುತ್ತದೆ. ನಾಲ್ಕು ಸಲ ಹೊಟ್ಟೆಗೆ ತಾಗಿದ ಮೇಲೆ ಯಾರೂ ಅಷ್ಟು ಸಲೀಸಾಗಿ ನುಗ್ಗಲ್ಲ. ಅವನ ಕೈ ಕೆಳಗೆ ಇಳಿಯತೊಡಗಿದಾಗ, ಟೀಪ್ ಮಾಡುವ ಹಾಗೆ ಮೊಣಕಾಲು ಎತ್ತಿ ತಲೆಗೆ ಪಂಚ್.

ಲೋ ಕಿಕ್ ತೊಡೆಗೆ ಮಾತ್ರ, ಮಂಡಿಗೆ ಬೇಡ. ಶಿನ್ ಗಾರ್ಡ್ (ಮಂಡಿಯ ಕೆಳಗೆ ಕಾಲಿನ ಮುಂಭಾಗಕ್ಕೆ ಕಟ್ಟುವ ಕವಚ) ಇಬ್ಬರೂ ಹಾಕಿ.

ಇನ್ನೊಂದು ವಿಷಯದಲ್ಲಿ ಸರ್ ಜೊತೆ ನನ್ನದು ಬೇರೆ ಅಭಿಪ್ರಾಯ. ಒಳಗೆ ಬಂದೇಬಿಟ್ಟರೆ ಹೊರಗೆ ಓಡಬೇಡಿ, ಇನ್ನೂ ಹತ್ತಿರ ಹೋಗಿ. ಸಾಲು ಪಂಚ್‌ಗೆ ಒಂದು ಅಡಿಯಷ್ಟು ಜಾಗ ಬೇಕು. ಎರಡೂ ಕೈ ಹಣೆಗೆ ಒತ್ತಿ ಗಾರ್ಡ್ ಮಾಡಿ, ಗಲ್ಲ ಇಳಿಸಿ, ಎದೆಗೆ ಎದೆ ಸೇರಿಸಿ. ಕುತ್ತಿಗೆಯ ಹಿಂದೆ ಎರಡೂ ಅಂಗೈ ಹಾಕಿ ತಲೆ ಕೆಳಗೆ ಎಳೆದರೆ ಕ್ಲಿಂಚ್. ಅಲ್ಲಿಂದ ಮೊಣಕಾಲು ನಿಮ್ಮದು. ಅವನಿಗೂ ಒಳಗೆ ಮೊಣಕೈ ಗೊತ್ತಿರುತ್ತದೆ, ಹಾಗಾಗಿ ಮೊಣಕೈ ಬಿಡುವಂತಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ.

ಬಾಕ್ಸಿಂಗ್ ಮಾಡುವವರು, ಹುಬ್ಬಳ್ಳಿ

ಹುಕ್, ಅಂದರೆ ಮೊಣಕೈ ಮಡಚಿ ಪಕ್ಕದಿಂದ ಬೀಸುವ ಪಂಚ್, ಅದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಡುಗೆರೆ ಕಾಯುವವರಿಗೆ ಪಕ್ಕದಿಂದ ಬರುವುದು ತೊಂದರೆ. ಆದರೆ ಹುಕ್ ಒಂದನ್ನೇ ಬಿಟ್ಟರೆ ಅದರ ಒಳಗಿನಿಂದ ನೇರ ಪಂಚ್ ಬಂದು ತಾಗುತ್ತದೆ, ನೇರ ದಾರಿ ಹತ್ತಿರದ್ದು. ಮೊದಲು ಜ್ಯಾಬ್ ತೋರಿಸಿ, ಅವರ ಕೈ ತಟ್ಟುವುದಕ್ಕೆ ಹೊರಟಾಗ ಹುಕ್. ಒಂದು ತಲೆಗೆ, ಮುಂದಿನದು ಪಕ್ಕೆಗೆ.

ವಿಂಗ್ ಚುನ್ ಕಲಿಯುವವರು, ಮೈಸೂರು

ಆ ಕಡೆಯವನಾಗಿ ನಾನೂ ಸೇರಿಕೊಳ್ಳುತ್ತೇನೆ. ಇಲ್ಲಿ ಹೇಳಿದ್ದೆಲ್ಲ ಸರಿಯೇ ಇದೆ. ನನಗೆ ಅತಿ ಕಷ್ಟ ಕೊಡುವವರು ಮಾತ್ರ ಜೋರಾಗಿ ಹೊಡೆಯುವವರಲ್ಲ, ಸುಳ್ಳು ಹೊಡೆತ ತೋರಿಸುವವರು. ಭುಜ ಅಲುಗಿಸಿ ಹೊಡೆಯದೆ ಇದ್ದರೆ ನನ್ನ ಕೈಗೆ ತಾಗುವುದಕ್ಕೆ ಏನೂ ಇರಲ್ಲ. ನಾನು ಗಾಳಿಯನ್ನು ತಟ್ಟುತ್ತೇನೆ, ಆ ಹೊತ್ತಿಗೆ ನಿಜವಾದ ಹೊಡೆತ ಬಂದಿರುತ್ತದೆ. ಒಂದೇ ತಾಳದಲ್ಲಿ ಹೊಡೆಯುವವರು ನನಗೆ ಸುಲಭ. ಒಂದು, ಎರಡು, ನಿಲ್ಲಿಸಿ, ಆಮೇಲೆ ಮೂರು ಅಂತ ತಾಳ ಮುರಿಯುವವರು ಕಷ್ಟ.

ಆದರೆ ವಿಂಗ್ ಚುನ್ ಅಂದರೆ ಬರೀ ಚಿ ಸಾವ್ ಅಂದುಕೊಂಡು ಬರಬೇಡಿ. ಇಪ್ ಮ್ಯಾನ್ ಶಿಷ್ಯ ವಾಂಗ್ ಶುನ್ ಲ್ಯೂಂಗ್ ಮೊದಲು ಬಾಕ್ಸಿಂಗ್ ಮಾಡಿದವರು. 1950ರ ದಶಕದ ಹಾಂಗ್‌ಕಾಂಗ್‌ನಲ್ಲಿ ಬೇರೆ ಬೇರೆ ಪದ್ಧತಿಯವರ ಜೊತೆ ಪಂದ್ಯ ಆಡಿ ಹೆಸರು ಮಾಡಿದರು. ನಿಜವಾಗಿ ಸ್ಪಾರಿಂಗ್ ಮಾಡುವ ನಮ್ಮವರು ನಿಮ್ಮ ಹಿಂದೆ ಓಡಲ್ಲ. ಪಕ್ಕಕ್ಕೆ ಹೋಗುವ ದಾರಿಯನ್ನೇ ಮುಚ್ಚುತ್ತಾರೆ.

ಬ್ರೂಸ್ ಲೀ ವಿಷಯವೂ ಇಲ್ಲಿ ಸೇರುತ್ತದೆ. 1964ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಕುಂಗ್ ಫು ಆಡುವ ವಾಂಗ್ ಜ್ಯಾಕ್ ಮ್ಯಾನ್ ಜೊತೆ ಅವರ ಕಾಳಗ ಆಯಿತು. ಹೇಗೆ ನಡೆಯಿತು ಅಂತ ಎರಡೂ ಕಡೆಯವರು ಬೇರೆ ಬೇರೆ ಹೇಳುತ್ತಾರೆ. ಲೀ ಕಡೆಯವರು ಹೇಳುವ ಪ್ರಕಾರ ಎದುರಾಳಿ ದೂರ ಓಡಿದ, ಅಟ್ಟಿಸಿಕೊಂಡು ಹೋಗಿ ಲೀಗೆ ಏದುಸಿರು ಬಂತು. ಆಮೇಲೆ ಅವರು ಬಾಕ್ಸಿಂಗ್ ಮತ್ತು ಫೆನ್ಸಿಂಗ್ ಕಡೆಯಿಂದ ಕಾಲಿನ ಚಲನೆ, ಬರುವವನನ್ನು ತಡೆದು ಹೊಡೆಯುವ ಕ್ರಮ ಎಲ್ಲ ತಂದುಕೊಂಡರು. ದೂರ ಕಾಯುವವರ ಎದುರು ಸಾಲು ಪಂಚ್ ಒಂದನ್ನೇ ನಂಬುವುದು ಕಷ್ಟ ಅಂತ ನಮ್ಮ ಪದ್ಧತಿಯಲ್ಲೇ ಬೆಳೆದವರು ಕಂಡುಕೊಂಡದ್ದು ಅದು.

ಗ್ಲೌಸ್ ಬಗ್ಗೆ ಒಂದು ಮಾತು. 16 ಔನ್ಸ್ ಬಾಕ್ಸಿಂಗ್ ಗ್ಲೌಸ್ ಹಾಕಿದರೆ ನಿಮ್ಮ ಗೆಳೆಯನಿಗೆ ಕೈ ಹಿಡಿಯುವುದಕ್ಕೇ ಆಗಲ್ಲ. ನೀವು ಗೆಲ್ಲಬಹುದು, ಆದರೆ ಏನೂ ಕಲಿಯಲ್ಲ. ಬೆರಳು ಬಿಡಿಯಾಗಿರುವ ಗ್ಲೌಸ್ ಹಾಕಿ, ಪೆಟ್ಟು ಹಗುರ ಇರಲಿ. ಹಲ್ಲಿಗೆ ಮೌತ್ ಗಾರ್ಡ್ ಬೇಕೇ ಬೇಕು. ಕಣ್ಣಿಗೆ ಬೆರಳು, ಗಂಟಲಿಗೆ ಹೊಡೆತ ಯಾರಿಗೂ ಬೇಡ.

ಕೇಳಿದವರು

ತುಂಬಾ ಉಪಕಾರ ಆಯ್ತು. ಅವನು ನುಗ್ಗುವಾಗ ನನ್ನ ಮುಂಗಾಲಿನ ಮಂಡಿಯ ಕೆಳಗೆ ಸಣ್ಣದಾಗಿ ಒದೆಯುತ್ತಾನೆ. ಕಣ್ಣಿಗೇ ಕಾಣಲ್ಲ. ಅದಕ್ಕೇನು ಮಾಡಲಿ?

ಕರಾಟೆ ಕಲಿಸುವವರು, ಶಿವಮೊಗ್ಗ

ನಿಮ್ಮ ನಿಲುವು ಉದ್ದ ಇದೆ ಅಂತ ಅರ್ಥ. ಜೆನ್‌ಕುತ್ಸು ದಾಚಿಯಲ್ಲಿ (ಕರಾಟೆಯ ಉದ್ದ ಮುಂದಿನ ನಿಲುವು) ಭಾರ ಮುಂಗಾಲಿನ ಮೇಲಿರುತ್ತದೆ, ಬೇಗ ಎತ್ತಲು ಆಗಲ್ಲ. ಅದು ಕತಾಗೆ (ಒಬ್ಬರೇ ಮಾಡುವ ನಿಗದಿತ ಚಲನೆಗಳ ಅಭ್ಯಾಸ) ಸರಿ, ಇಲ್ಲಿ ಬೇಡ. ಪಾದಗಳ ಅಂತರ ಕಡಿಮೆ ಮಾಡಿ, ಮಂಡಿ ಸಡಿಲ ಇಡಿ. ಅವನ ಸೊಂಟ ಮುಂದೆ ಬಂದದ್ದು ಕಂಡ ಕೂಡಲೇ ಮುಂಗಾಲು ಎತ್ತಿ. ಒದೆ ತಪ್ಪಿದರೆ ಸರಿ, ತಾಗಿದರೆ ನಿಮ್ಮ ಶಿನ್ ಗಾರ್ಡ್‌ಗೆ. ಎತ್ತಿದ ಕಾಲನ್ನು ಸುಮ್ನೆ ಕೆಳಗೆ ಇಡಬೇಡಿ, ಅಲ್ಲಿಂದಲೇ ಹೊಟ್ಟೆಗೆ ತಳ್ಳಿ.

ಮುಂದಿನ ಭಾನುವಾರ ಪೂರ್ತಿ ಸ್ಪಾರಿಂಗ್ ಬೇಡ. ಅವನಿಗೆ ಬರೀ ನುಗ್ಗುವ ಕೆಲಸ, ನಿಮಗೆ ಬರೀ ಒಂದು ಕೆಲಸ: ಟೀಪ್ ಅಥವಾ ಪಕ್ಕದ ಹೆಜ್ಜೆ. ಎರಡು ನಿಮಿಷಕ್ಕೊಮ್ಮೆ ಪಾತ್ರ ಬದಲಿಸಿ. ಇದು ರೂಢಿಯಾದ ಮೇಲೆ ಜ್ಯಾಬ್ ಸೇರಿಸಿ.