ಸಹಾಯ ಬೇಕು: ನಾಯಿಗೆ ಅಂಗಡಿಯ ಫ್ರೆಶ್ ಫುಡ್ಡೋ, ಮನೆ ಅಡುಗೆಯೋ?

ನಮ್ಮ ಚಿನ್ನಿಗೆ 6 ವರ್ಷ, 12 ಕೆಜಿ. ಈಗೀಗ ಡ್ರೈ ಫುಡ್ ಹಾಕಿದರೆ ಮೂಸಿ ನೋಡಿ, ಬಟ್ಟಲನ್ನು ಮೂಗಿನಲ್ಲೇ ಆಚೆ ತಳ್ಳಿ ಹೋಗಿ ಮಲಗುತ್ತಾಳೆ. ಡಾಕ್ಟರ್ ನೋಡಿದರು, ಹಲ್ಲು, ರಕ್ತ ಎಲ್ಲ ಸರಿ ಇದೆ.

ಮನೆಯಲ್ಲೇ ಮಾಡಿದರೆ ಏನು ಹಾಕಿದ್ದೇವೆ ಅಂತ ಗೊತ್ತಿರುತ್ತದೆ ಅಲ್ವಾ, ನಾಯಿಗೆ ವಿಷವಾಗುವ ಈರುಳ್ಳಿ, ಬೆಳ್ಳುಳ್ಳಿ ಸೋಕದ ಹಾಗೆ ನೋಡಿಕೊಳ್ಳಬಹುದು. ಆದರೆ ಸುಮ್ನೆ ಚಿಕನ್, ಅನ್ನ ಬೇಯಿಸಿ ಹಾಕಿದರೆ ಸಾಲದು. ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ, ಹಾಗೇ ತಿಂಗಳುಗಟ್ಟಲೆ ಕೊಟ್ಟರೆ ಮೂಳೆಗೇ ಪೆಟ್ಟು. ನನಗೆ ಭಯ ಇರುವುದು ಅಲ್ಲೇ. ಅಂಗಡಿಯದರಲ್ಲಿ ಲೇಬಲ್ ಮೇಲೆ ‘ಸಂಪೂರ್ಣ, ಸಮತೋಲಿತ’ ಅಂತ ಇದ್ದರೆ ಆ ಚಿಂತೆ ಕಡಿಮೆ, ಫ್ರೀಜರ್ ತುಂಬುತ್ತದೆ ಅಷ್ಟೇ.

ಮನೆ ಅಡುಗೆಯನ್ನೇ ವರ್ಷಗಟ್ಟಲೆ ಹಾಕುತ್ತಿರುವವರು ಕ್ಯಾಲ್ಸಿಯಂಗೆ ಏನು ಸೇರಿಸುತ್ತೀರಿ? ಅಳತೆಯನ್ನು ಪಶುವೈದ್ಯರೇ ಬರೆದುಕೊಟ್ಟರಾ? ದಯವಿಟ್ಟು ತಿಳಿಸಿ, ಅವಳು ಬಟ್ಟಲು ಖಾಲಿ ಮಾಡಿ ವಾರವಾಯಿತು.