ಹರಾಜಿನಲ್ಲಿ 1911ರ ಬೆಳ್ಳಿ ರೂಪಾಯಿ: ತಾಣದ ಹೊರಗೆ ನೇರ ದುಡ್ಡು ಹಾಕಿ ಅಂತಿದ್ದಾರೆ, ಹಾಕಲಾ?

ಸಾಗರದ_ಹುಡುಗ:
ಅಪ್ಪನ ಹತ್ರ ಐದನೇ ಜಾರ್ಜ್ ರೂಪಾಯಿಗಳು 1912ರಿಂದ 1920ರವರೆಗೆ ವರ್ಷಕ್ಕೊಂದರಂತೆ ಇವೆ, 1911ರದ್ದು ಮಾತ್ರ ಇಲ್ಲ. ಮುಂದಿನ ತಿಂಗಳು ಅವರಿಗೆ ಎಪ್ಪತ್ತು ತುಂಬುತ್ತೆ, ಅಷ್ಟರೊಳಗೆ ಕೊಡಿಸಬೇಕು ಅಂತ ಆಸೆ. ಒಂದು ಆನ್‌ಲೈನ್ ಹರಾಜು ತಾಣದಲ್ಲಿ ಸಿಕ್ಕಿದೆ, ಬಿಡ್ 2,600ಕ್ಕೆ ಬಂದಿತ್ತು. ಮಾರುವವರು ನಿನ್ನೆ ವಾಟ್ಸಾಪ್ ಮಾಡಿ, "ತಾಣಕ್ಕೆ ಕಮಿಷನ್ ಯಾಕೆ ಕೊಡ್ತೀರಾ, ನನಗೇ 2,000 ಹಾಕಿ, ಇವತ್ತೇ ಸ್ಪೀಡ್ ಪೋಸ್ಟ್ ಮಾಡ್ತೀನಿ" ಅಂದ್ರು. ಮಾತು ಚೆನ್ನಾಗಿದೆ, ಆಧಾರ್ ಫೋಟೋನೂ ಕಳಿಸಿದ್ದಾರೆ. ನಂಬಬಹುದಾ?

ಹಳೇನಾಣ್ಯ_ದಾವಣಗೆರೆ:
ಹಾಕಬೇಡಿ. ಆ ಆಧಾರ್ ಅವರದ್ದೇ ಅನ್ನೋದಕ್ಕೆ ಏನು ಖಾತ್ರಿ? ಇನ್ಯಾರದ್ದೋ ಫೋಟೋ ಆಗಿರಬಹುದು. ತಾಣದ ಒಳಗೇ ದುಡ್ಡು ಕೊಟ್ಟರೆ ವಸ್ತು ಬರದಿದ್ದಾಗ ದೂರು ಕೊಡೋಕೆ ಒಂದು ಬಾಗಿಲಾದರೂ ಇರುತ್ತೆ. ನೇರ ಹಾಕಿದ ಮೇಲೆ ಆ ತಾಣಕ್ಕೂ ನಿಮಗೂ ಸಂಬಂಧ ಇಲ್ಲ. ಆರುನೂರು ಉಳಿಸೋಕೆ ಹೋಗಿ ಎರಡು ಸಾವಿರ ಕಳಕೊಳ್ಳಬೇಡಿ.

ಅವರ ಹಳೇ ಮಾರಾಟಗಳನ್ನ ಒಮ್ಮೆ ತೆಗೆದು ನೋಡಿ. ನಕ್ಷತ್ರ ಎಷ್ಟು ಅಂತಲ್ಲ, ಏನು ಮಾರಿದ್ದಾರೆ ಅಂತ. ಐವತ್ತು ರೂಪಾಯಿಯ ಸ್ಟಿಕ್ಕರ್, ಕೀಚೈನ್ ಮಾರಿ ಒಳ್ಳೇ ಹೆಸರು ಮಾಡ್ಕೊಂಡು, ಆಮೇಲೆ ಇದ್ದಕ್ಕಿದ್ದಂತೆ ದುಬಾರಿ ನಾಣ್ಯಕ್ಕೆ ಇಳಿಯುವವರಿದ್ದಾರೆ.

ಇನ್ನು ನಾಣ್ಯದ ವಿಷಯ. 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿ ಮೇಲೊಂದು ಪುಟ್ಟ ಆನೆ ಇದೆ. ಸೊಂಡಿಲು ಎಷ್ಟು ಗಿಡ್ಡ ಅಂದ್ರೆ ಜನ ಅದನ್ನ ಹಂದಿ ಅಂತಲೇ ಅಂದ್ರು, ದೊಡ್ಡ ಗಲಾಟೆಯಾಗಿ ಸರ್ಕಾರ ಅಚ್ಚು ಬದಲಿಸಬೇಕಾಯ್ತು. 1912ರ ನಾಣ್ಯದಲ್ಲಿ ಸೊಂಡಿಲು ಸ್ಪಷ್ಟವಾಗಿ ಕಾಣುತ್ತೆ. ಅಪ್ಪನ ಡಬ್ಬಿಯಿಂದ 1912ರದ್ದು ತೆಗೆದು ಮಸೂರದಲ್ಲಿ ನೋಡಿ, ಆಮೇಲೆ ಮಾರುವವರ ಫೋಟೋ ನೋಡಿ. ಇಸವಿ 1911 ಇದ್ದು ಸೊಂಡಿಲು ಉದ್ದ ಇದ್ರೆ ಆ ಕೊನೆಯ ಅಂಕಿಯನ್ನ ಯಾರೋ ತಿದ್ದಿದ್ದಾರೆ. ಫೋಟೋ ಮಸುಕಿದ್ರೆ, ಪಕ್ಕದಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಇಟ್ಟು ಹೊಸದಾಗಿ ತೆಗೆದು ಕಳಿಸಿ ಅನ್ನಿ. ನಾಣ್ಯ ಕೈಯಲ್ಲಿರುವವರಿಗೆ ಅದು ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಹೇಳ್ತಿರೋದು ನಾನೇ ಪೆಟ್ಟು ತಿಂದಿರೋದ್ರಿಂದ. ಆರನೇ ಜಾರ್ಜ್‌ನ 1939ರ ರೂಪಾಯಿ ಅಂತ ಹರಾಜಲ್ಲಿ ಹಿಡಿದಿದ್ದೆ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳೀತು, 1939ರದ್ದು ಸಿಗೋದೇ ಅಪರೂಪ, ಅದಕ್ಕೇ ಅದರ ನಕಲಿಗಳು ಹೆಚ್ಚು. ಕೈಗೆ ಬಂದಾಗ ತೂಕ 11.6 ಗ್ರಾಂ, ಅಸಲಿ 11.66, ಸರಿಯೇ ಅನ್ನಿಸ್ತು. ಅಯಸ್ಕಾಂತಕ್ಕೂ ಅಂಟಲಿಲ್ಲ. ಒಂದು ವಾರ ಖುಷಿಯಲ್ಲೇ ಇದ್ದೆ.

ಆಮೇಲೆ ಹಿರಿಯ ಸಂಗ್ರಾಹಕರೊಬ್ಬರು ನೀರಿನ ಪರೀಕ್ಷೆ ಹೇಳಿಕೊಟ್ರು. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. 1939ರವರೆಗಿನ ಇಂಥ 91.7 ಶೇಕಡಾ ಬೆಳ್ಳಿಯ ರೂಪಾಯಿಗೆ ತಕ್ಕಡಿ ಹೆಚ್ಚುಕಮ್ಮಿ 1.13 ತೋರಿಸಬೇಕು. ನನ್ನದು 1.36 ತೋರಿಸ್ತು. ಹಿತ್ತಾಳೆಗೆ ಬೆಳ್ಳಿ ಲೇಪ. ದಾರ ಹಿಡಿದ ಕೈ ಹಾಗೇ ನಿಂತುಬಿಡ್ತು. ನೇರ ದುಡ್ಡು ಹಾಕಿದ್ದೆ, ಕೇಳೋಕೆ ಯಾರೂ ಇರಲಿಲ್ಲ.

ಶಿರಸಿ_ಅಕ್ಕ:
ಒಂದು ಸೇರಿಸ್ತೀನಿ. "ರೀಫಂಡ್ ಮಾಡ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದ್ರೆ ಅಲ್ಲೇ ನಿಲ್ಲಿಸಿ. ದುಡ್ಡು ಬರೋಕೆ ಯುಪಿಐ ಪಿನ್ ಯಾವತ್ತೂ ಬೇಡ. ನನ್ನ ತಮ್ಮ ಹಳೇ ಸೈಕಲ್ ಮಾರೋಕೆ ಹೋಗಿ ಹೀಗೇ ಕಳಕೊಂಡ. ಕಳಕೊಂಡ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ದುಡ್ಡು ಇನ್ನೂ ಖಾತೆಯಲ್ಲೇ ಇದ್ರೆ ತಡೆಹಿಡಿಯೋ ಸಾಧ್ಯತೆ ಇರುತ್ತೆ. ಅವನು ನಾಚಿಕೆಯಿಂದ ಎರಡು ದಿನ ಮನೆಯಲ್ಲಿ ಹೇಳಲೇ ಇಲ್ಲ. ಪಾಪ, ಹತ್ತೊಂಬತ್ತು ವರ್ಷದ ಹುಡುಗ.

ಸಾಗರದ_ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೀಟಿ ಇಟ್ಟು ಫೋಟೋ ಕೇಳಿದೆ. ಮೊದಲಿನ ಫೋಟೋನೇ ಮತ್ತೆ ಬಂತು. ಇನ್ನೊಮ್ಮೆ ಕೇಳಿದ್ದಕ್ಕೆ "ಬೇರೆಯವರು ಕಾಯ್ತಿದ್ದಾರೆ, ಹತ್ತು ನಿಮಿಷ ಟೈಮ್" ಅಂದ್ರು, ಆಮೇಲೆ ಬ್ಲಾಕ್. ಅದೇ ಫೋಟೋನ ಗೂಗಲ್‌ನಲ್ಲಿ ಹಾಕಿ ಹುಡುಕಿದ್ರೆ ಬೇರೊಬ್ಬರ ಹಳೇ ಹರಾಜಿನಲ್ಲಿ ಸಿಕ್ತು, ಅಂಚಿನ ಗೀರೂ ಅದೇ. ತಾಣಕ್ಕೆ ದೂರು ಕೊಟ್ಟಿದ್ದೀನಿ.

ರಾತ್ರಿ ಅಪ್ಪ ಮಲಗಿದ ಮೇಲೆ ಅವರ 1912ರದ್ದನ್ನ ನೀರಿನಲ್ಲಿ ಮುಳುಗಿಸಿ ನೋಡಿದೆ: 1.13! ಆನೆಯ ಸೊಂಡಿಲೂ ಚೆನ್ನಾಗಿ ಕಾಣ್ತು. ಈಗ ಇನ್ನೊಬ್ಬರ 1911ರದ್ದು ನೋಡಿದ್ದೀನಿ. ವರ್ಷಗಳಿಂದ ನಾಣ್ಯಗಳನ್ನೇ ಮಾರ್ತಿದ್ದಾರೆ, ಕೇಳಿದ ಅರ್ಧ ಗಂಟೆಯಲ್ಲಿ ತಾರೀಖಿನ ಚೀಟಿ ಜೊತೆ ಫೋಟೋ ಕಳಿಸಿದ್ರು, ಸೊಂಡಿಲು ಗಿಡ್ಡವೇ ಇದೆ. ಗರಿಷ್ಠ 3,200 ಅಂತ ಹಾಕಿಟ್ಟು ಪುಟ ಮುಚ್ಚಿದ್ದೀನಿ. ಹರಾಜು ಭಾನುವಾರ ರಾತ್ರಿ ಮುಗಿಯುತ್ತೆ.