ನಾಯಿಗೆ ಕಲ್ಲು ನೆಡಿಸೋದು ನಮ್ಮಲ್ಲಿ ಹಿಂದೆ ಇತ್ತಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು, ಬೈಯಬೇಡಿ. ನಮ್ಮ ಮನೆ ನಾಯಿ ಕರಿಯ ಹೋದ ತಿಂಗಳು ಸತ್ತ. ಜಾತಿ ನಾಯಿ ಏನಲ್ಲ, ಸಂತೆಯಿಂದ ಅಪ್ಪನ ಹಿಂದೆಯೇ ಬಂದ ಬೀದಿ ಮರಿ. ಅಪ್ಪ ಅವನನ್ನ ಮುದ್ದು ಮಾಡಿದ್ದು ನಾನಂತೂ ನೋಡಿಲ್ಲ, "ಏ ಅತ್ಲಾಗ್ ಹೋಗು" ಅನ್ನೋದು ಬಿಟ್ಟು ಇಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ. ಆದ್ರೆ ಅಪ್ಪನ ಟಿವಿಎಸ್ ಎಕ್ಸೆಲ್ ಸದ್ದು ಕೆರೆ ಏರಿ ಮೇಲೆ ಕೇಳಿಸಿದ್ರೆ ಸಾಕು, ತಟ್ಟೆಯಲ್ಲಿದ್ದ ಮುದ್ದೆ ಬಿಟ್ಟು ಗೇಟಿಗೆ ಓಡುತ್ತಿದ್ದ. ಅದೇ ಗಾಡಿ ಊರಲ್ಲಿ ಇನ್ನೂ ನಾಲ್ಕಾರು ಇವೆ, ಅವುಗಳಿಗೆ ಕಿವಿ ಕೂಡ ಎತ್ತುತ್ತಿರಲಿಲ್ಲ.

ಹಲಸಿನ ಮರದ ಕೆಳಗೆ ಅಪ್ಪನೇ ಗುಂಡಿ ತೋಡಿ, ಉಪ್ಪು ಹಾಕಿ ಮಣ್ಣು ಮಾಡಿದರು. ಅಲ್ಲಿ ಒಂದು ಸಣ್ಣ ಕಲ್ಲು ನೆಡಿಸೋಣ, ಹೆಸರು ಕೆತ್ತಿಸೋಣ ಅಂತ ನಾನಂದೆ. ಅಷ್ಟಕ್ಕೇ ದೊಡ್ಡಪ್ಪ ಶುರು ಮಾಡಿದರು. "ನಿಮ್ಮ ತಾತನಿಗೇ ಕಲ್ಲು ನೆಡಿಸಿಲ್ಲ, ನಾಯಿಗೆ ನೆಡಿಸ್ತೀಯಾ? ಇದೆಲ್ಲಾ ಬೆಂಗಳೂರಿನವರ ಶೋಕಿ, ಸಿನಿಮಾ ನೋಡಿ ಕಲಿತಿದ್ದು, ನಮ್ಮ ಸಂಪ್ರದಾಯದಲ್ಲಿ ಇಲ್ಲ" ಅಂತ. ಅಪ್ಪ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ, ಸುಮ್ನೆ ಎಲೆಅಡಿಕೆ ಹಾಕ್ಕೊಂಡು ಕೂತಿದ್ದರು.

ನಿಜವಾಗ್ಲೂ ನಮ್ಮಲ್ಲಿ ಇಲ್ವಾ? ಹಳೇ ಕಾವ್ಯ, ಕಥೆ, ಏನಾದ್ರೂ ಆಗಲಿ, ನಾಯಿಯನ್ನ ಪ್ರೀತಿಯಿಂದ ನೋಡಿದ್ದು ಇದ್ರೆ ತಿಳಿಸಿ. ದೊಡ್ಡಪ್ಪನ ಮುಂದೆ ಇಡೋಕೆ ಬೇಕು.

ಶಾಸನಪ್ರಿಯ:
ನಿಮ್ಮ ದೊಡ್ಡಪ್ಪನಿಗೆ ಹೇಳಿ, ಇದು ಕೆಂಪೇಗೌಡ ಬೆಂಗಳೂರು ಕಟ್ಟೋಕಿಂತ ಹಿಂದಿನ ಶೋಕಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು (ಈಗ ಆತಗೂರು ಅಂತಾರೆ) ಶಾಸನ ನೋಡಿ. ಶಕ ವರ್ಷ 872, ಅಂದ್ರೆ ಸುಮಾರು ಕ್ರಿ.ಶ. 950. ಅದು ಕಾಳಿ ಅನ್ನೋ ನಾಯಿಗೆ ನೆಡಿಸಿದ ಕಲ್ಲು.

ಕಥೆ ಚೆನ್ನಾಗಿದೆ, ಪೂರ್ತಿ ಹೇಳ್ತೀನಿ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು, 949ರಲ್ಲಿ. ತಕ್ಕೋಲ ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ. ಆನೆ ಮೇಲೆ ಕೂತಿದ್ದ ಚೋಳರ ರಾಜಾದಿತ್ಯ ಅಲ್ಲಿ ಸತ್ತ. ಕೃಷ್ಣನ ಪರವಾಗಿ ಹೋರಾಡಿದವನು ಗಂಗರ ಬೂತುಗ, ಆ ಬೂತುಗನ ಕೈಕೆಳಗಿನ ವೀರ ಮಣಲೇರ. ಯುದ್ಧ ಮುಗಿದ ಮೇಲೆ ಇನಾಮು ಹಂಚಿದರು. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300 (ಆಗ ನಾಡಿನ ಹೆಸರಿನ ಜೊತೆ ಹೀಗೆ ಅಂಕಿ ಸೇರಿಸಿ ಹೇಳ್ತಿದ್ರು), ಹೀಗೆ ನಾಡಿಗೆ ನಾಡೇ ಸಿಕ್ಕವು. ಬೂತುಗ ತನ್ನ ಮಣಲೇರನಿಗೆ, "ಮೆಚ್ಚಿದ್ದೇನೆ, ಏನು ಬೇಕೋ ಕೇಳಿಕೋ" ಅಂದ. ಮಣಲೇರ ಕೇಳಿದ್ದು ಕಾಳಿಯನ್ನ. ಊರಲ್ಲ, ಹೊನ್ನಲ್ಲ, ರಾಜನ ಬೇಟೆನಾಯಿ! (ಆಮೇಲೆ ಅವನಿಗೆ ಊರುಗಳೂ ಸಿಕ್ಕವು ಅನ್ನಿ, ಅದು ಬೇರೆ.)

ಕಾಳಿಯನ್ನ ಮನೆಗೆ ಕರ್ಕೊಂಡು ಬಂದ ಮೇಲೆ ಒಂದು ದಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆಗ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಎರಡು ಖಂಡುಗ (ಹಳೇ ಕಾಲದ ಅಳತೆ) ಭೂಮಿ ಬಿಟ್ಟರು. ಕೊನೆಗೊಂದು ಎಚ್ಚರಿಕೆಯೂ ಇದೆ. ಆ ಭೂಮಿಯನ್ನ ಹಾಳು ಮಾಡಿದವರಿಗೆ ನಾಯಿ ಮಾಡಿದ ಪಾಪ ಸುತ್ತಿಕೊಳ್ಳುತ್ತೆ. ಗುಡಿ ನೋಡಿಕೊಳ್ಳೋ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ. ಅಂದ್ರೆ ಪೂಜಾರಿ ಊಟಕ್ಕೆ ಮುಂಚೆ ನಾಯಿಗೆ ಕೈಮುಗಿಯಬೇಕು!

ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಮೇಲ್ಗಡೆ ನಾಯಿ ಹಂದಿ ಎದುರುಬದುರು ಕಾದಾಡೋ ಕೆತ್ತನೆ, ಸುತ್ತ ಅಕ್ಷರ. ತಕ್ಕೋಲದ ಯುದ್ಧದ ಬಗ್ಗೆ ಬರೆಯೋ ಇತಿಹಾಸಕಾರರೆಲ್ಲಾ ಇದೇ ಕಲ್ಲಿನ ಹತ್ರ ಬರಬೇಕು. ಅಷ್ಟು ದೊಡ್ಡ ಯುದ್ಧದ ಸುದ್ದಿ ನಮಗೆ ಒಂದು ನಾಯಿಯ ನೆಪದಲ್ಲಿ ಉಳಿದಿದೆ, ನನಗೆ ಇದು ಯಾವಾಗ ನೆನೆಸಿಕೊಂಡ್ರೂ ಖುಷಿ.

ನೇರಮಾತು:
ಎಲ್ಲರೂ ಭಾವುಕರಾಗೋಕೆ ಮುಂಚೆ ಒಂದು ಮಾತು. ಕಾಳಿ ರಾಜನ ಬೇಟೆನಾಯಿ. ಅದಕ್ಕೆ ಸಿಕ್ಕಿದ್ದು ವೀರನಿಗೆ ಸಿಗೋ ಮರ್ಯಾದೆ, ಪ್ರಾಣಿಪ್ರೀತಿ ಅಂತ ಈಗಿನ ಲೆಕ್ಕದಲ್ಲಿ ಓದಬೇಡಿ. ಹಂದಿ ಕೊಲ್ಲದೇ ಮನೆ ಬಾಗಿಲಲ್ಲಿ ಬಿದ್ದುಕೊಂಡು ಮುದಿಯಾಗಿ ಸತ್ತಿದ್ರೆ ಯಾರು ಕಲ್ಲು ನೆಡಿಸ್ತಿದ್ರು?

ಸಾಧಾರಣ ನಾಯಿಗೆ ನಮ್ಮ ಸಾಹಿತ್ಯದಲ್ಲಿ ಸಿಕ್ಕಿದ್ದು ಬೈಗುಳವೇ ಜಾಸ್ತಿ. "ಡೊಂಕು ಬಾಲದ ನಾಯಕರೆ" ಅಂತ ದಾಸರು ಮರ್ಯಾದೆ ಕೊಟ್ಟು ಕರೀತಾರೆ, ಆದ್ರೆ ಹಾಡಲ್ಲಿ ಅದು ಇಣುಕಿ ನೋಡುತ್ತೆ, ಒನಕೆ ಏಟು ತಿನ್ನುತ್ತೆ, ಕುಂಯಿ ಕುಂಯಿ ರಾಗ ಹಾಡುತ್ತೆ. ಗಾದೆಗಳ ಕಥೆ ಕೇಳಲೇಬೇಡಿ. ಇನ್ನು ಎಲ್ಲರೂ ಹೇಳೋ ಧರ್ಮರಾಯನ ನಾಯಿ. ಕೊನೆಗೆ ಅದು ನಾಯಿಯೇ ಅಲ್ಲ, ಯಮಧರ್ಮ ಅಂತಾಯ್ತು. ನಾಯಿಯಾಗಿ ಸ್ವರ್ಗಕ್ಕೆ ಹೋಗೋಕೆ ಅದಕ್ಕೂ ಆಗಲಿಲ್ಲ, ಅಲ್ವಾ?

ಇನ್ನೊಂದು. ನಾನು ನಾಯಿ ದ್ವೇಷಿ ಅಲ್ಲ, ನಮ್ಮ ಬೀದಿಯಲ್ಲಿ ಹುಡುಗನಿಗೆ ಕಚ್ಚಿದ್ದನ್ನ ಕಣ್ಣಾರೆ ನೋಡಿದವನು. 2023ರ ಗಣತಿಯಲ್ಲಿ ಬೆಂಗಳೂರೊಂದರಲ್ಲೇ ಸುಮಾರು 2.79 ಲಕ್ಷ ಬೀದಿನಾಯಿಗಳು. ರಾತ್ರಿ ಬಿಸ್ಕತ್ತು ಹಾಕೋರು ಬೇಕಾದಷ್ಟು ಜನ, ಹಿಡಿದು ರೇಬೀಸ್ ಲಸಿಕೆ ಹಾಕಿಸೋಕೆ ಕರೆದರೆ ಒಬ್ಬರೂ ಬರಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. ಕಚ್ಚಿದ ಜಾಗವನ್ನ ತಕ್ಷಣ ಸೋಪು ನೀರಲ್ಲಿ ಕಾಲು ಗಂಟೆ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಇನ್ನೂ ಅರಿಶಿನ ಸುಣ್ಣ ಮೆತ್ತಿಕೊಂಡು ಕೂರೋರು ಇದ್ದಾರೆ.

ತುಂಗೆ ದಡದವಳು:
ನೇರಮಾತು ಅವರೇ, ಲಸಿಕೆ ವಿಷಯದಲ್ಲಿ ನೂರಕ್ಕೆ ನೂರು ಒಪ್ಪಿದೆ. ಸಾಹಿತ್ಯದ ವಿಷಯ ಒಪ್ಪಲ್ಲ. ರಾಜನ ನಾಯಿ ಬೇಡ ಅಂದ್ರಲ್ಲ, ಸರಿ, ಜೀತದ ಆಳಿನ ನಾಯಿ ಕೊಡ್ತೀನಿ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದ್ದೀರಾ? ಅದರಲ್ಲಿ ಗುತ್ತಿ ಇದ್ದಾನೆ, ಅವನ ನಾಯಿ ಹುಲಿಯ ಇದೆ. ಎಲ್ಲಿ ಹೋದ್ರೂ ಜೊತೆಗೆ ನಾಯಿ, ಹಾಗಾಗಿ ಅವನಿಗೆ ನಾಯಿಗುತ್ತಿ ಅಂತಲೇ ಹೆಸರು. ಅವನ ಮೈಯೂ ದುಡಿಮೆಯೂ ಒಡೆಯನದು. ಮದುವೆಯಾಗಬೇಕು ಅಂದ ಹುಡುಗಿಯನ್ನೂ ಹಾರಿಸಿಕೊಂಡೇ ಹೋಗಬೇಕು. ಪೂರ್ತಿ ತನ್ನದು ಅಂತ ಇರೋದು ಹುಲಿಯ ಒಂದೇ. ಕಾದಂಬರಿಯ ಕೊನೆಕೊನೆಗೆ ತುಂಬಿ ಹರಿಯೋ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತೆ. ನಾನು ಹೊಳೆ ದಡದ ಊರಿನವಳು. ಮಳೆಗಾಲದಲ್ಲಿ ಆ ಕೆಂಪು ನೀರು ದಡ ಕಿತ್ತುಕೊಂಡು, ಮರದ ದಿಮ್ಮಿ ಹೊತ್ತುಕೊಂಡು ಹೋಗೋದನ್ನ ನೋಡಿದವರಿಗೆ ಆ ಪುಟಗಳನ್ನ ಓದೋದು ಕಷ್ಟ. ನಮ್ಮಮ್ಮ ಓದಿದ್ದು ಒಂದೇ ಸಲ, "ಆ ನಾಯಿ ಭಾಗ ಮತ್ತೆ ಬೇಡ ಮಾರಾಯ್ತಿ" ಅಂತ ಪುಸ್ತಕ ಎತ್ತಿಟ್ಟರು. "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ" ಅಂತ ಶುರುವಲ್ಲೇ ಬರೆದುಕೊಂಡ ಕಾದಂಬರಿ ಅದು. ಆ ಮಾತಿನಲ್ಲಿ ಹುಲಿಯನೂ ಸೇರಿದೆ ಅಂತ ನನ್ನ ನಂಬಿಕೆ.

ಅವರ ಮಗ ತೇಜಸ್ವಿ ಅವರದು ಬೇರೆಯೇ ರೀತಿ. 'ಕರ್ವಾಲೊ'ದಲ್ಲೂ 'ಪರಿಸರದ ಕತೆ'ಯಲ್ಲೂ ಕಿವಿ ಅನ್ನೋ ನಾಯಿ ಬರುತ್ತೆ. ಅದು ವೀರನೂ ಅಲ್ಲ, ತ್ಯಾಗಿಯೂ ಅಲ್ಲ, ಯಜಮಾನನ ಮಾನ ಕಳೆಯೋ ತರಲೆ. ನಾಯಿ ಸಾಕಿದವರಿಗೆಲ್ಲಾ ಗೊತ್ತಿರೋ ಸತ್ಯ ಅದು, ದಿನದ ಮುಕ್ಕಾಲು ಪಾಲು ಅವು ನಮಗೆ ಪಜೀತಿಯನ್ನೇ ತರುತ್ತವೆ. ನಿಯತ್ತು ನಿಯತ್ತು ಅಂತ ಹಾಡಿ ಹೊಗಳೋರು ಇದನ್ನ ಮರೀತಾರೆ.

ಧರ್ಮರಾಯನ ಬಗ್ಗೆ ಒಂಚೂರು ಜಗಳ ಬಾಕಿ ಇದೆ. "ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಜಾಗ ಇಲ್ಲ" ಅಂತ ಇಂದ್ರ ಹೇಳಿದಾಗ, ನಂಬಿ ಬಂದದ್ದನ್ನ ಬಿಟ್ಟು ನಾನು ಬರಲ್ಲ ಅಂದನಲ್ಲ, ಆಗ ಅವನಿಗೆ ಅದು ಯಮ ಅಂತ ಗೊತ್ತಿರಲಿಲ್ಲ. ಅವನ ಮಟ್ಟಿಗೆ ಅದು ಬರೀ ನಾಯಿ. ಅದೂ ಅಲ್ಲದೆ ಮಹಾಭಾರತದ ಆದಿಪರ್ವದಲ್ಲೇ ಸರಮೆ ಅನ್ನೋ ನಾಯಿತಾಯಿ ಇದ್ದಾಳೆ. ಜನಮೇಜಯನ ತಮ್ಮಂದಿರು ಅವಳ ಮರಿಯನ್ನ ಯಾಗದ ಜಾಗದಲ್ಲಿ ಸುಮ್ಸುಮ್ನೆ ಹೊಡೀತಾರೆ. ಅವಳು ನೇರವಾಗಿ ಬಂದು, ನನ್ನ ಮಗ ಹವಿಸ್ಸನ್ನ ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ, ಯಾಕೆ ಹೊಡೆದಿರಿ ಅಂತ ಕೇಳ್ತಾಳೆ. ರಾಜಮನೆತನದವರ ಬಾಯಲ್ಲಿ ಉತ್ತರ ಇಲ್ಲ. ಶಾಪ ಕೊಟ್ಟು ಹೋಗ್ತಾಳೆ. ಅಷ್ಟು ದೊಡ್ಡ ಗ್ರಂಥ ಏಟು ತಿಂದ ನಾಯಿಯಿಂದ ಶುರುವಾಗಿ, ಬಿಟ್ಟುಹೋಗದ ನಾಯಿಯ ತನಕ ಬರುತ್ತೆ.

ಆದ್ರೆ ನಮ್ಮ ಗಮಕ ಕೇಳೋ ಮನೆಗಳಲ್ಲಿ ಧರ್ಮರಾಯನ ನಾಯಿಯ ಕಥೆ ಅಷ್ಟು ಬಾರದೇ ಇರೋಕೆ ಕಾರಣ ಇದೆ. ಕುಮಾರವ್ಯಾಸ ತನ್ನ ಭಾರತವನ್ನ ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ, ಆ ನಾಯಿ ಬರೋದು ಅದಾದ ಮೇಲೆ. ಮುಂದಿನದನ್ನ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದ. ಅವನನ್ನ ಎಷ್ಟು ಜನ ಓದ್ತಾರೆ ಹೇಳಿ!

ನೇರಮಾತು:
ಸರಮೆ ಕಥೆ ಗೊತ್ತಿರಲಿಲ್ಲ. ಚೆನ್ನಾಗಿದೆ. ಆದ್ರೂ ಬಾಯಿ ಬಿಟ್ಟು ನ್ಯಾಯ ಕೇಳೋಕೆ ಅವಳು ದೇವಲೋಕದ ನಾಯಿ ಆಗಬೇಕಾಯ್ತು, ಅದನ್ನೂ ಬರೀರಿ.

ಹಟ್ಟಿ ಹುಡುಗ:
ನಾನು ಹಾವೇರಿ ಕಡೆಯವನು, ಮನೆಯಲ್ಲಿ ಕುರಿ ಇವೆ. ಪುಸ್ತಕದ ಮಾತು ನನಗೆ ಅಷ್ಟು ಗೊತ್ತಿಲ್ಲ, ಆದ್ರೆ ಶಾಸನದಲ್ಲಿ ಗೊರವ ಅಂತ ಬಂತಲ್ಲ, ಅದಕ್ಕೆ ಬರೀತಿದ್ದೀನಿ. ಮೈಲಾರಲಿಂಗಪ್ಪನ ಒಕ್ಕಲು ನಾವು. ನಮ್ಮ ಗೊರವಯ್ಯ ಕರಿ ಕಂಬಳಿ ಹೊದ್ದು, ಡಮರುಗ ಹಿಡಿದು ಬರ್ತಾನೆ. ದೇವರ ನಾಯಿ ನಾನು ಅಂತಲೇ ಬೊಗಳ್ತಾನೆ, ಮರದ ದೋಣಿಗೆ ಹಾಲು, ಅನ್ನ, ಬಾಳೆಹಣ್ಣು ಹಾಕಿದ್ರೆ ಮಂಡಿಯೂರಿ ಬಾಯಿ ಹಾಕಿ ತಿಂತಾನೆ. ಅದನ್ನ ನೋಡಿ ನಗೋರಿಗೆ ನಮ್ಮಜ್ಜಿ ಕೋಲು ಎತ್ತುತ್ತಿದ್ದಳು. ದೇವರ ಮುಂದೆ ನಾಯಿಯಾಗೋದು ನಮ್ಮಲ್ಲಿ ಅವಮಾನ ಅಲ್ಲ. ಅದು ಎಲ್ಲರಿಗೂ ಸಿಗೋ ಭಾಗ್ಯವೂ ಅಲ್ಲ.

ಕುರಿ ಕಾಯೋ ನಾಯಿ ವಿಷಯಕ್ಕೆ ಬಂದ್ರೆ, ನಮ್ಮಲ್ಲಿ ಯಾರೂ ಅದನ್ನ ಎತ್ತಿ ಮುತ್ತು ಕೊಡಲ್ಲ. ಅದು ಮನೆಯೊಳಗೆ ಬರಲ್ಲ, ನಾವೂ ಅರ್ಧ ವರ್ಷ ಮನೆಯೊಳಗೆ ಇರಲ್ಲ ಅನ್ನಿ. ತೋಳದ ಕಾಟ ಇರೋ ಕಡೆ ಅದರ ಕೊರಳಿಗೆ ಕಬ್ಬಿಣದ ಮುಳ್ಳು ಇರೋ ಪಟ್ಟಿ ಕಟ್ತೀವಿ, ಯಾಕಂದ್ರೆ ತೋಳ ಬಾಯಿ ಹಾಕೋದೇ ಕುತ್ತಿಗೆಗೆ. ನಮಗೆ ರೊಟ್ಟಿ ಕಡಿಮೆ ಬಿದ್ದ ದಿನವೂ ಅದರ ಪಾಲು ತೆಗೆದಿಟ್ಟೇ ತಿನ್ನೋದು. ಪ್ರೀತಿ ಅಂದ್ರೆ ಪ್ರೀತಿ, ಲೆಕ್ಕ ಅಂದ್ರೆ ಲೆಕ್ಕ. ನೇರಮಾತು ಸರ್ ಹೇಳಿದ ಹಾಗೆ ಕೆಲಸಕ್ಕೇ ಸಾಕೋದು, ಆದ್ರೆ ಕೆಲಸ ಮುಗಿದ ಮುದಿ ನಾಯಿಯನ್ನ ಯಾರೂ ಹಟ್ಟಿಯಿಂದ ಓಡಿಸಿದ್ದು ನಾನು ಕಂಡಿಲ್ಲ.

ಹಾಂ, ಕುರಿ ನಾಯಿ ಅಂದ ತಕ್ಷಣ ಪೇಟೆಯವರು "ಮುಧೋಳ ನಾಯಿನಾ?" ಅಂತ ಕೇಳ್ತಾರೆ. ಅದಲ್ಲ. ಮುಧೋಳದ್ದು ಸಪೂರ ಮೈ, ಉದ್ದ ಕಾಲು, ಮೊಲ ಅಟ್ಟಿಸಿಕೊಂಡು ಓಡೋ ಬೇಟೆನಾಯಿ. ಘೋರ್ಪಡೆ ರಾಜರು ಬೆಳೆಸಿದ್ದು, 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ನಮ್ಮ ಹಟ್ಟಿ ನಾಯಿಗೆ ಹೆಸರಾಂತ ತಳಿ ಏನಿಲ್ಲ. ಅದರ ಚೀಟಿ ಯಾರೂ ಮಾಡಲ್ಲ.

ತೋಟದಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆತಕೂರು ಕಥೆಯನ್ನ ರಾತ್ರಿ ಊಟಕ್ಕೆ ಕೂತಾಗ ಪೂರ್ತಿ ಓದಿ ಹೇಳಿದೆ. ದೊಡ್ಡಪ್ಪ ಮಜ್ಜಿಗೆ ಅನ್ನದ ತನಕ ಸುಮ್ನೆ ಕೇಳಿ, ಆಮೇಲೆ "ಹಾಗಾದ್ರೆ ನಾವೂ ಎರಡು ಖಂಡುಗ ಬಿಡಬೇಕಾ? ಯಾರ ಪಾಲಿನಿಂದ?" ಅಂದರು. ಆಸ್ತಿ ಇನ್ನೂ ಭಾಗ ಆಗಿಲ್ಲ, ಹಾಗಾಗಿ ಅಲ್ಲಿಗೇ ಮಾತು ನಿಲ್ಲಿಸಿದೆ.

ಅಪ್ಪ ಮಾತ್ರ ಮಾರನೇ ದಿನ ಹಳೇ ಕೊಟ್ಟಿಗೆಯ ಚಪ್ಪಡಿ ಒಂದನ್ನ ತೊಳೆದು ಒರಗಿಸಿಟ್ಟಿದ್ದಾರೆ. ಯಾಕೆ ಅಂತ ಕೇಳಿದ್ರೆ "ಸುಮ್ನೆ ಬಿದ್ದಿತ್ತು" ಅಂತಾರೆ. ಏನು ಕೆತ್ತಿಸಲಿ? ಹೆಸರು ಸಾಕಾ?

ಶಾಸನಪ್ರಿಯ:
ಹೆಸರು, ಇಸವಿ, ಊರು, ಜೊತೆಗೆ ಅವನು ಯಾರ ಹಿಂದೆ ಬಂದ ಅನ್ನೋದು. ನೆಡಿಸಿದವರ ಹೆಸರು ಹಾಕೋದನ್ನ ಮರೀಬೇಡಿ, ಮುಂದೆ ಓದೋರಿಗೆ ತಲೆನೋವು. ಅಕ್ಷರ ಆಳವಾಗಿ ಕೆತ್ತಲಿ. ಬಣ್ಣ ತುಂಬಿಸಬೇಡಿ, ನಾಲ್ಕು ಮಳೆಗೆ ಹೋಗುತ್ತೆ. ಚಪ್ಪಡಿಯ ಮೂರನೇ ಒಂದು ಭಾಗವಾದ್ರೂ ಮಣ್ಣೊಳಗೆ ಇರಲಿ.

ನೇರಮಾತು:
ನೆಡಿಸಿ, ನನ್ನ ಅಡ್ಡಿ ಇಲ್ಲ. ಕುಂಕುಮ ಮಾತ್ರ ಇಡಬೇಡಿ. ಚನ್ನಪಟ್ಟಣದ ಹತ್ರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೆ ಗುಡಿಯೇ ಇದೆ, ಹೋಗಿ ನೋಡಿ. ಇವತ್ತು ಕುಂಕುಮ ಇಟ್ರೆ ನಾಳೆ ಯಾರೋ ಹುಂಡಿ ಇಡ್ತಾರೆ, ಆಮೇಲೆ ಆ ಹಲಸಿನ ಮರ ನಿಮ್ಮ ದೊಡ್ಡಪ್ಪನ ಪಾಲಿಗೋ ನಿಮ್ಮ ಪಾಲಿಗೋ ಅಂತ ಕೋರ್ಟಿಗೆ ಹೋಗಬೇಕಾಗುತ್ತೆ.